ಗಾಜಿನ ಕಡಲು: ಕೋರಲ್ ತಿನ್ನುವ ಹುಳು ಯಾವುದು, ಪಾಪದ್ದು ಯಾವುದು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹುಳುವಿನ ವಿಚಾರ. ಬೆಂಗಳೂರಿನ ಅಂಗಡಿಗಳಿಗೆ ಹೊಸ ಸರಕು ಬಂದಿರಬೇಕು, ಎಲ್ಲರೂ ಉಪ್ಪುನೀರಿನ ಟ್ಯಾಂಕಿಗೆ ಒಂದೊಂದು ತುಂಡು ಕೋರಲ್, ಅಂದರೆ ಜೀವಂತ ಹವಳ, ತಂದ ಹಾಗಿದೆ. ಲೈಟು, ಪಂಪು, ಉಪ್ಪಿನ ಪ್ರಶ್ನೆ ಕಳಿಸಿದವರು ಮುಂದಿನ ತಿಂಗಳವರೆಗೆ ಕಾಯಬೇಕು, ಬೇಜಾರು ಮಾಡ್ಕೋಬೇಡಿ. ಹೊಸ ಓದುಗರಿಗೆ ಒಂದು ಮಾತು: ನಾನು ಪ್ರಾಣಿಶಾಸ್ತ್ರದ ಮೇಷ್ಟ್ರಲ್ಲ. ತುಮಕೂರಿನಲ್ಲಿ ವಾಚ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಹಗಲೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ಕಸುಬು. ಅದೇ ಗಾಜು ರಾತ್ರಿ ಟ್ಯಾಂಕಿನ ಮುಂದೆಯೂ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಸಾರ್, ನನ್ನದು ಮೂರಡಿ ಟ್ಯಾಂಕು. ತಟ್ಟೆಯಂತೆ ಅಗಲವಾಗಿ ಬೆಳೆಯುವ ಕೆಂಪು ಮಾಂಟಿಪೋರಾ ಕೋರಲ್ ಇದೆ. ಎರಡು ವಾರದಿಂದ ಅಂಚಿನಿಂದ ಬೆಳ್ಳಗಾಗುತ್ತಾ ಬರುತ್ತಿದೆ. ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡೂ ಸರಿ ಇವೆ. ತಂದುಕೊಟ್ಟವರು ಲೈಟ್ ಜಾಸ್ತಿ ಆಗಿದೆ ಅಂದರು. ಇಳಿಸಿದೆ, ಪ್ರಯೋಜನ ಆಗಲಿಲ್ಲ. ನಿನ್ನೆ ಎತ್ತಿ ನೋಡಿದರೆ ಅಡಿಯಲ್ಲಿ ಎರಡು ಮೂರು ಮಿಲಿಮೀಟರಿನ ಬಿಳಿ ಚುಕ್ಕೆಗಳು. ಅದರಲ್ಲೊಂದು ನಿಧಾನಕ್ಕೆ ಹರಿದ ಹಾಗಾಯಿತು. ಏನಿದು?
ಓದುಗರು, ಬಟವಾಡಿ, ತುಮಕೂರು

ಉತ್ತರ: ಹರಿದದ್ದು ನಿಜ, ನಿಮ್ಮ ಕಣ್ಣು ಸರಿಯಾಗಿಯೇ ಇದೆ. ಅದು ಮಾಂಟಿಪೋರಾ ತಿನ್ನುವ ನ್ಯೂಡಿಬ್ರ್ಯಾಂಕ್. ಬಸವನಹುಳುವಿನ ಬಳಗದ್ದೇ, ಆದರೆ ಬೆಳೆದ ಮೇಲೆ ಚಿಪ್ಪು ಇರುವುದಿಲ್ಲ.

ಮೊದಲು ಲೈಟಿನ ಮಾತು ಮುಗಿಸೋಣ. ಲೈಟ್ ಜಾಸ್ತಿಯಾಗಿ ಕೋರಲ್ ಬಿಳಚಿಕೊಂಡರೆ ಅದು ಮೇಲ್ಭಾಗದಿಂದ, ಬೆಳಕು ನೇರ ಬೀಳುವ ಕಡೆಯಿಂದ ಶುರುವಾಗುತ್ತದೆ. ಬಣ್ಣ ಹೋದರೂ ಮಾಂಸ ಉಳಿದಿರುತ್ತದೆ. ಭೂತಗನ್ನಡಿ ಹಿಡಿದರೆ ಕೋರಲ್ಲಿನ ಬಿಡಿ ಜೀವಿಗಳಾದ ಪುಟ್ಟ ಪಾಲಿಪ್‌ಗಳು ಇನ್ನೂ ಕೈಯಾಡಿಸುತ್ತಿರುವುದು ಕಾಣುತ್ತದೆ. ಹುಳು ತಿಂದ ಕೋರಲ್ಲಿನ ಕಥೆ ಬೇರೆ. ಅಡಿಯಿಂದ, ನೆರಳಿನ ಕಡೆಯಿಂದ ಶುರು. ಮಾಂಸ ಪೂರ್ತಿ ಹೋಗಿ ಸುಣ್ಣದ ಬರೀ ಎಲುಬು ಉಳಿದಿರುತ್ತದೆ. ಕೆಲವು ದಿನಕ್ಕೆ ಆ ಎಲುಬಿನ ಮೇಲೆ ಪಾಚಿ ಹಿಡಿಯುತ್ತದೆ. ಹಿಂದೆ ಹಸಿರು ಪಾಚಿ, ಮಧ್ಯೆ ಅಚ್ಚ ಬಿಳಿ, ಮುಂದೆ ಕೆಂಪು ಮಾಂಸ. ಈ ಮೂರು ಪಟ್ಟಿ ಒಂದರ ಪಕ್ಕ ಒಂದು ಕಂಡರೆ ಬಿಳಿಗೂ ಕೆಂಪಿಗೂ ಮಧ್ಯದ ಗಡಿಯಲ್ಲಿ ಹುಡುಕಿ. ಹುಳು ಅಲ್ಲೇ ಊಟಕ್ಕೆ ಕೂತಿರುತ್ತದೆ.

ಹುಡುಕೋದಕ್ಕೂ ಒಂದು ಕ್ರಮ ಇದೆ. ಲೈಟ್ ಆರಿಸಿ ಒಂದು ಗಂಟೆ ಬಿಡಿ. ಆಮೇಲೆ ಟ್ಯಾಂಕಿನದೇ ನೀರು ತುಂಬಿದ ಟಬ್ಬಿನಲ್ಲಿ ಕೋರಲ್ಲನ್ನು ಮಗುಚಿ ಇಡಿ. ಎಲ್ಲರೂ ಬಿಳಿ ಟಬ್ ತರುತ್ತಾರೆ. ಹುಳುವೂ ಬಿಳಿ, ಎಲುಬೂ ಬಿಳಿ, ಟಬ್ಬೂ ಬಿಳಿ ಆದರೆ ನೋಡೋದೇನು? ಕಪ್ಪು ಟಬ್ ತನ್ನಿ. ಟಾರ್ಚನ್ನು ಮೇಲಿಂದ ನೇರ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ವಾಚಿನ ಹಲ್ಲುಚಕ್ರದಲ್ಲಿ ಸವೆದ ಹಲ್ಲು ಹುಡುಕುವಾಗ ನಾವು ಮಾಡೋದೂ ಇದನ್ನೇ. ಓರೆ ಬೆಳಕಿಗೆ ನೆರಳು ಬೀಳುತ್ತದೆ, ನೆರಳಿನಲ್ಲಿ ಉಬ್ಬುತಗ್ಗು ಕಾಣುತ್ತದೆ.

ಈಗ ಭೂತಗನ್ನಡಿ ಹಾಕಿಕೊಳ್ಳಿ. ತಲೆಯ ಕಡೆ ಎರಡು ಜೊತೆ ಕೊಂಬುಗಳಿರಬೇಕು. ಬೆನ್ನಿನ ಎರಡೂ ಬದಿಗೆ ಸಾಲಾಗಿ ಬೆರಳಿನಂಥ ಮೊಳಕೆಗಳು. ಇವಕ್ಕೆ ಸೆರಾಟಾ ಅಂತ ಹೆಸರು. ಕಣ್ಣಿಗೆ ಔಷಧಿ ಬಿಡುವ ಡ್ರಾಪರಿನಿಂದ ಪಕ್ಕದಲ್ಲಿ ಒಂದು ಸಲ ಮೆತ್ತಗೆ ನೀರು ಚಿಮ್ಮಿಸಿ. ಸೆರಾಟಾ ಎಲ್ಲ ಒಂದು ಕಡೆ ವಾಲಿ ಮತ್ತೆ ನೆಟ್ಟಗಾಗುತ್ತವೆ. ಇಷ್ಟು ಕಂಡರೆ ಅನುಮಾನ ಬೇಡ. ಇದಕ್ಕೆ ಫೆಸ್ಟಿಲ್ಲಾ ಸಬೋಡಿಯೋಸಾ ಎಂದು ವಿಜ್ಞಾನಿಗಳು ಹೆಸರಿಟ್ಟದ್ದು 2020ರಲ್ಲಿ. ಅದಕ್ಕೆ ಎಷ್ಟೋ ವರ್ಷ ಮುಂಚಿನಿಂದ ಟ್ಯಾಂಕ್ ಇಟ್ಟವರು ಇದರ ಕಾಟ ಅನುಭವಿಸುತ್ತಲೇ ಇದ್ದರು.

ಆಮೇಲೆ ಮೊಟ್ಟೆ. ನನ್ನ ಪ್ರಕಾರ ಹುಳುವಿಗಿಂತ ಮೊಟ್ಟೆ ಹುಡುಕೋದು ಮುಖ್ಯ. ಹುಳು ಓಡಾಡುತ್ತದೆ, ಬಿರುಕಿನಲ್ಲಿ ಅವಿತುಕೊಳ್ಳುತ್ತದೆ. ಮೊಟ್ಟೆ ಇಟ್ಟಲ್ಲೇ ಇರುತ್ತದೆ. ತಟ್ಟೆಯ ಅಡಿಭಾಗದಲ್ಲಿ, ಸತ್ತ ಎಲುಬಿನ ಮೇಲೆ, ಮಾಂಸಕ್ಕೆ ಹತ್ತಿರವಾಗಿ ಬೆಳ್ಳನೆಯ ಲೋಳೆಯ ಪುಟ್ಟ ಗುಡ್ಡೆಗಳು. ಗಾಜು ಹಾಕಿದರೆ ಒಳಗೆ ದುಂಡು ಮೊಟ್ಟೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಈ ಹುಳುಗಳಲ್ಲಿ ಗಂಡು ಹೆಣ್ಣು ಅಂತ ಬೇರೆ ಇಲ್ಲ. ಎರಡು ಸೇರಿದರೆ ಎರಡೂ ಮೊಟ್ಟೆ ಇಡುತ್ತವೆ. ಅದಕ್ಕೇ ಇಷ್ಟು ಬೇಗ ಹೆಚ್ಚೋದು.

ಏನು ಮಾಡಬೇಕು? ಟ್ಯಾಂಕಿನಲ್ಲಿರುವ ಮಾಂಟಿಪೋರಾ ಅಷ್ಟನ್ನೂ ಹೊರಗೆ ತೆಗೆಯಿರಿ, ಚೆನ್ನಾಗಿ ಕಾಣುವುದನ್ನೂ ಸೇರಿಸಿ. ಕೋರಲ್ಲನ್ನು ಅದ್ದಿ ಹುಳು ಬಿಡಿಸುವ ಔಷಧಿಯನ್ನು ಕೋರಲ್ ಡಿಪ್ ಎಂದು ಬಾಟಲಿಯಲ್ಲಿ ಮಾರುತ್ತಾರೆ. ಅಳತೆ ಬಾಟಲಿಯ ಮೇಲೆ ಬರೆದಿರುವುದೇ ಸರಿ, ಕೈಯಂದಾಜು ಬೇಡ. ಟ್ಯಾಂಕಿನ ನೀರಿನಲ್ಲೇ ಕಲಸಿ. ಬೋರ್ ನೀರಿಗೆ ಉಪ್ಪು ಹಾಕಿ ಡಿಪ್ ಮಾಡಿದೆ ಅಂತ ಹಿಂದೆ ಒಬ್ಬರು ಬರೆದಿದ್ದರು. ನಮ್ಮ ಕಡೆ ಬೋರ್ ನೀರಿನ ಗಡಸುತನ ನಿಮಗೆ ಗೊತ್ತೇ ಇದೆ, ಹುಳುವಿನ ಜೊತೆ ಕೋರಲ್ಲೂ ಹೋಗುತ್ತದೆ. ಡಿಪ್‌ನಲ್ಲಿ ಇರುವಷ್ಟು ಹೊತ್ತೂ ಡ್ರಾಪರಿನಿಂದ ಸಂದುಸಂದಿಗೆ ನೀರು ಚಿಮ್ಮಿಸುತ್ತಾ ಇರಿ. ಉದುರಿದ ಹುಳು ಕಪ್ಪು ಟಬ್ಬಿನ ತಳದಲ್ಲಿ ಕಾಣುತ್ತದೆ. ಆಮೇಲೆ ಇನ್ನೊಂದು ಟಬ್ಬಿನ ಶುದ್ಧ ಉಪ್ಪುನೀರಲ್ಲಿ ಜಾಲಿಸಿ.

ಡಿಪ್ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಅದನ್ನು ಚಿಮುಟದ ತುದಿಯಿಂದ ಕೆರೆದೇ ತೆಗೆಯಬೇಕು. ಕೋರಲ್ ಅಂಟಿಸಿದ ಸಿಮೆಂಟ್ ಬಿಲ್ಲೆಯನ್ನು ಕತ್ತರಿಸಿ ಬಿಸಾಡಿ, ಅದರ ರಂಧ್ರಗಳಲ್ಲಿ ಮೊಟ್ಟೆ ಉಳಿದಿರುತ್ತದೆ. ಬೆಳ್ಳಗಾದ ಭಾಗವನ್ನೂ ಮುರಿದು ಎಸೆಯಿರಿ. ಕಣ್ಣು ತಪ್ಪಿದ ಮೊಟ್ಟೆ ಒಂದು ವಾರ ಹತ್ತು ದಿನದಲ್ಲಿ ಒಡೆಯುತ್ತದೆ. ಮರಿ ಬೆಳೆದು ಮತ್ತೆ ಮೊಟ್ಟೆ ಇಡುವ ಮುಂಚೆ ನೀವು ಇನ್ನೊಂದು ಡಿಪ್ ಕೊಟ್ಟಿರಬೇಕು. ವಾರಕ್ಕೊಂದರಂತೆ ನಾಲ್ಕೈದು ಸಲ ಮಾಡಿ. ಎರಡು ಸಲ ಮಾಡಿ ಏನೂ ಉದುರಲಿಲ್ಲ ಅಂತ ನಿಲ್ಲಿಸುವವರೇ ಮತ್ತೆ ನನಗೆ ಪತ್ರ ಬರೆಯೋದು. ಅಷ್ಟೂ ದಿನ ಮಾಂಟಿಪೋರಾ ಬೇರೆ ಟಬ್ಬಿನಲ್ಲಿ ಪಂಪು, ಲೈಟಿನ ಜೊತೆ ಇರಲಿ. ಈ ಹುಳುವಿಗೆ ಬೇರೆ ಕೋರಲ್ ಸೇರುವುದಿಲ್ಲ. ದೊಡ್ಡ ಟ್ಯಾಂಕನ್ನು ಒಂದೂವರೆ ತಿಂಗಳು ಮಾಂಟಿಪೋರಾ ಇಲ್ಲದೆ ಬಿಟ್ಟರೆ ಅಲ್ಲಿ ಉಳಿದವು ಹಸಿವಿನಿಂದಲೇ ಸಾಯುತ್ತವೆ.

ಪ್ರಶ್ನೆ: ಅಣ್ಣ, ನಮ್ಮದು ಮಾವಿನ ತೋಟ. ಜಿಗಿಹುಳಕ್ಕೆ ಹೊಡೆಯುವ ಇಮಿಡಾಕ್ಲೋಪ್ರಿಡ್ ಮನೆಯಲ್ಲೇ ಇದೆ. ಫಾರಿನ್ನಿನವರು ಕೋರಲ್ ಹುಳಕ್ಕೂ ಇದನ್ನೇ ಬಳಸುತ್ತಾರಂತೆ. ಟ್ಯಾಂಕಿಗೆ ಎರಡು ಹನಿ ಹಾಕಲಾ?
ಓದುಗರು, ಶ್ರೀನಿವಾಸಪುರ

ಉತ್ತರ: ಟ್ಯಾಂಕಿಗೆ ಅರ್ಧ ಹನಿಯೂ ಬೇಡ ತಮ್ಮಾ. ಇಮಿಡಾಕ್ಲೋಪ್ರಿಡ್ ಇರುವ ತೋಟದ ಔಷಧಿಯಲ್ಲಿ ಕೋರಲ್ ಅದ್ದಿ ತೆಗೆಯುವವರು ಅಮೆರಿಕದಲ್ಲಿ ಇದ್ದಾರೆ, ಅದು ನಿಜ. ಆದರೆ ಅವರು ಅದ್ದೋದು ಬೇರೆ ಬಕೆಟ್ಟಿನಲ್ಲಿ. ಆಮೇಲೆ ಎರಡು ಮೂರು ನೀರಲ್ಲಿ ಜಾಲಿಸಿ ಟ್ಯಾಂಕಿಗೆ ಬಿಡುತ್ತಾರೆ. ಅಲ್ಲಿನ ಬಾಟಲಿಯಲ್ಲಿರುವ ಮಿಶ್ರಣವೂ ನಿಮ್ಮ ಮನೆಯಲ್ಲಿರುವ, ನೂರಕ್ಕೆ 17.8 ಪಾಲು ಔಷಧಿಯ ದ್ರಾವಣವಾದ 17.8 ಎಸ್‌ಎಲ್ ಕೂಡ ಒಂದೇ ಅಲ್ಲ. ಔಷಧಿಯ ಜೊತೆ ಬೆರೆಸಿದ ದ್ರಾವಕವೂ ಕೋರಲ್ಲಿಗೆ ಲೆಕ್ಕಕ್ಕೆ ಬರುತ್ತದೆ. ಅಲ್ಲಿಯ ಅಳತೆ ಇಲ್ಲಿಗೆ ಕೂರುವುದಿಲ್ಲ.

ಇಮಿಡಾಕ್ಲೋಪ್ರಿಡ್ ಕೀಟದ ನರಕ್ಕೆ ಹೊಡೆಯುವ ವಿಷ. ಸೀಗಡಿ, ಏಡಿ, ಮರಳಿನಲ್ಲಿರುವ ಕೋಪಿಪಾಡ್ ಎಂಬ ಸಣ್ಣ ಸೀಗಡಿಯಂಥ ಜೀವಿಗಳು ಎಲ್ಲ ಕೀಟದ ದಾಯಾದಿಗಳು. ಮೊದಲು ಸಾಯೋದು ಅವೇ. ಮೇಲಿನ ಉತ್ತರದಲ್ಲಿ ಹೇಳಿದ ಡಿಪ್ ತರಿಸಿಕೊಳ್ಳಿ. ಈ ಬಾಟಲಿ ತೋಟದ ಮನೆಯಲ್ಲೇ ಇರಲಿ.

ಪ್ರಶ್ನೆ: ನಮಸ್ಕಾರ ಸಾರ್. ಟ್ಯಾಂಕು ಮಗನದು. ಅವನು ಹಾಸ್ಟೆಲಿನಲ್ಲಿದ್ದಾನೆ, ನೋಡಿಕೊಳ್ಳೋದು ನಾನು. ಕೋರಲ್ಲಿನ ಬಳಗದ, ಹೂವಿನಂತೆ ಅರಳುವ ಜೋವಾ ಅಂತ ಇದೆಯಲ್ಲ, ಒಂದು ಕಲ್ಲಿನ ಮೇಲಿನವು ವಾರದಿಂದ ಬಾಯಿ ಮುಚ್ಚಿಕೊಂಡಿವೆ. ಪಕ್ಕದ ಕಲ್ಲಿನವು ಅರಳುತ್ತಿವೆ. ರಾತ್ರಿ ನೋಡಿದರೆ ಜೋವಾದಂಥದ್ದೇ ಒಂದು ಜಾಗ ಬದಲಾಯಿಸಿದೆ! ಕಲ್ಲು ಆಚೆ ತೆಗೆದು ಕುದಿಯುವ ನೀರು ಹುಯ್ದು ಬ್ರಷ್ಷಿನಲ್ಲಿ ಉಜ್ಜಿಬಿಡೋಣ ಅಂತಿದ್ದೇನೆ.
ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಅಕ್ಕಾ, ಮೊದಲು ಆ ಬಿಸಿನೀರನ್ನು ಒಲೆಯಿಂದ ಇಳಿಸಿ. ಹುಳುವಿನ ವಿಚಾರ ಆಮೇಲೆ.

ಜೋವಾ ಮತ್ತು ಅದರ ಹತ್ತಿರದ ಪಾಲಿಥೋವಾ ಜಾತಿಗಳಲ್ಲಿ ಕೆಲವುಗಳ ಮೈಯಲ್ಲಿ ಪಾಲಿಟಾಕ್ಸಿನ್ ಎಂಬ ವಿಷ ಇರುತ್ತದೆ. 1971ರಲ್ಲಿ ಹವಾಯಿಯ ವಿಜ್ಞಾನಿಗಳು ಇದನ್ನು ಬೇರ್ಪಡಿಸಿ ತೆಗೆದರು. ಜೀವಿಗಳಲ್ಲಿ ಸಿಗುವ ಅತಿ ಘೋರ ವಿಷಗಳಲ್ಲಿ ಇದೂ ಒಂದು. ಯಾವ ಜೋವಾದಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ನೋಡಿ ಹೇಳಲಾಗುವುದಿಲ್ಲ. ಹಾಗಾಗಿ ಎಲ್ಲದರಲ್ಲೂ ಇದೆ ಎಂದೇ ನಡೆದುಕೊಳ್ಳಬೇಕು. ಕುದಿಯುವ ನೀರು ಹುಯ್ದರೆ ಹಬೆಯ ಜೊತೆ, ಬ್ರಷ್ಷಿನಲ್ಲಿ ಉಜ್ಜಿದರೆ ಸಿಡಿಯುವ ಹನಿಯ ಜೊತೆ ವಿಷ ಮೂಗಿಗೆ, ಕಣ್ಣಿಗೆ ಬರುತ್ತದೆ. ಬೇರೆ ದೇಶಗಳಲ್ಲಿ ಹೀಗೆ ಕಲ್ಲು ತೊಳೆದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ದಾಖಲಾಗಿವೆ. ಸಾಕಿದ ನಾಯಿಗಳಿಗೂ ಹೀಗಾಗಿದೆ. ಈ ಕಲ್ಲು ಮುಟ್ಟುವಾಗ ಉದ್ದನೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಅಡುಗೆಮನೆಯ ಸಿಂಕಿನಲ್ಲಿ ಬೇಡವೇ ಬೇಡ. ಕೆಲಸ ಆದ ಮೇಲೆ ಬಾಯಿ ಕಹಿಯಾಗಿ ಲೋಹದ ರುಚಿ ಬಂದರೆ, ಜ್ವರ, ಎದೆ ಬಿಗಿತ, ಸ್ನಾಯು ಸೆಳೆತ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಪಾಲಿಟಾಕ್ಸಿನ್ ಇರಬಹುದು ಎಂದು ಡಾಕ್ಟರಿಗೆ ಹೆಸರು ಹಿಡಿದು ಹೇಳಿ, ಅವರಿಗೆ ತಾನಾಗಿ ಹೊಳೆಯುವ ವಿಷ ಅಲ್ಲ ಇದು.

ಈಗ ಜಾಗ ಬದಲಾಯಿಸಿದ ಜೋವಾ. ಭಲೇ ಕಣ್ಣು ನಿಮ್ಮದು! ಅದು ಜೋವಾ ತಿನ್ನುವ ನ್ಯೂಡಿಬ್ರ್ಯಾಂಕ್. ತಿಂದ ಜೋವಾದ ಬಣ್ಣವೇ ಇದರ ಮೈಗೆ ಬರುತ್ತದೆ. ಹಸಿರು ಜೋವಾ ತಿಂದದ್ದು ಹಸಿರು, ಕಂದು ತಿಂದದ್ದು ಕಂದು. ಬೆನ್ನ ಮೇಲಿನ ಸೆರಾಟಾ ಜೋವಾದ ಅಂಚಿನ ಎಳೆಗಳ ಹಾಗೇ ಕಾಣುತ್ತದೆ. ಹಗಲು ಮುಚ್ಚಿದ ಜೋವಾಗಳ ನಡುವೆ ಕೂತರೆ ದೇವರಾಣೆ ಗೊತ್ತಾಗುವುದಿಲ್ಲ. ಇದರ ಮೊಟ್ಟೆಗಳು ಬಿಳಿ ದಾರ ಸುತ್ತಿದ ಹಾಗೆ ಸುರುಳಿಯಾಗಿ ಜೋವಾದ ಕಾಂಡಕ್ಕೆ ಅಂಟಿರುತ್ತವೆ.

ಕಲ್ಲನ್ನು ನೀರಿನೊಳಗೇ ಇಟ್ಟು ಚಿಮುಟದಿಂದ ಹುಳು ಹಿಡಿಯಿರಿ, ಮೊಟ್ಟೆ ಸುರುಳಿ ಎಳೆದು ತೆಗೆಯಿರಿ. ಡಿಪ್, ವಾರಕ್ಕೊಂದು ಸಲ, ಎಲ್ಲ ಮೇಲಿನ ಹಾಗೇ. ಮಗನಿಗೂ ಒಂದು ಫೋನ್ ಮಾಡಿ, ಹೊಸ ಕಲ್ಲನ್ನು ಡಿಪ್ ಮಾಡದೆ ಬಿಟ್ಟವನು ಅವನೇ ಇರಬೇಕು. ಹುಳು ಸಿಗದೆ ಜೋವಾ ಮಾತ್ರ ಮುಚ್ಚೇ ಇದ್ದರೆ ಅಲ್ಲೇ ಚಪ್ಪಟೆ ಚಿಪ್ಪಿನ, ಕಪ್ಪು ಬಿಳಿ ಚೌಕುಳಿಯ ಬಸವನಹುಳು ಇದೆಯಾ ನೋಡಿ. ಸನ್‌ಡಯಲ್ ಸ್ನೇಲ್ ಅಂತಾರೆ, ಅದಕ್ಕೂ ಜೋವಾನೇ ಊಟ.

ಪ್ರಶ್ನೆ: ರಾತ್ರಿ ಟಾರ್ಚ್ ಹಾಕಿದರೆ ಗಾಜಿನ ಮೇಲೆ ಕಪ್ಪು ಕಂದು ಹುಳುಗಳು ಜೋರಾಗಿ ಓಡುತ್ತವೆ. ಒಂದನ್ನು ಹಿಡಿದಾಗ ಬಾಲ ಕಳಚಿಕೊಂಡು ಹೋಯಿತು. ಆರೇಳನ್ನು ಸಾಯಿಸಿದೆ. ಇನ್ನೂ ಇವೆ. ಯಾವ ಕೋರಲ್ ತಿನ್ನುತ್ತವೆ?
ಓದುಗರು, ಕೆ.ಜಿ.ಎಫ್.

ಉತ್ತರ: ಯಾವುದನ್ನೂ ತಿನ್ನುವುದಿಲ್ಲ. ಅವು ಸ್ಟೊಮಟೆಲ್ಲಾ. ಬೆನ್ನಿನ ಹಿಂಭಾಗದಲ್ಲಿ ಕಿವಿಯಾಕಾರದ ಚಪ್ಪಟೆ ಚಿಪ್ಪು ಇರುತ್ತದೆ, ಮೈಯೆಲ್ಲ ಆಚೆ ಇರುವುದರಿಂದ ಚಿಪ್ಪಿಲ್ಲದ ಹುಳು ಅನಿಸುತ್ತದೆ. ಹೆದರಿದಾಗ ಹಿಂಭಾಗದ ಮಾಂಸ ಕಳಚಿ ಬೀಳಿಸಿ ಓಡುವುದು ಅದರ ಚಾಳಿ. ತಿನ್ನುವುದು ಪಾಚಿ. ದುಡ್ಡು ಕೊಟ್ಟು ತಂದು ಬಿಡುವಂಥ ಪ್ರಾಣಿ, ಸುಮ್ನೆ ಕೊಂದಿರಿ. ಉಳಿದವನ್ನು ಬಿಟ್ಟುಬಿಡಿ.

ಬೆನ್ನ ಮೇಲೆ 8 ತಗಡು ಜೋಡಿಸಿದಂತಿರುವ, ಕಲ್ಲಿಗೆ ಕಚ್ಚಿ ಕೂತ ಪ್ರಾಣಿ ಕಂಡರೆ ಅದು ಕೈಟನ್. ಅದರದೂ ತಂಟೆ ಇಲ್ಲ.

ಪ್ರಶ್ನೆ: ಆಕ್ರೋಪೋರಾ ಎಂಬ ಕೋರಲ್ಲಿನ ಕೊಂಬೆಗಳ ಮೇಲೆ ದುಂಡನೆ ತಿಳಿ ಕಲೆಗಳಾಗಿವೆ. ಬುಡದಲ್ಲಿ ಬಣ್ಣ ಮಾಸಿದೆ. ಹುಳು ಮಾತ್ರ ಕಾಣುತ್ತಿಲ್ಲ. ಇದೂ ನ್ಯೂಡಿಬ್ರ್ಯಾಂಕ್, ಅಂದರೆ ನ್ಯೂಡಿಯ ಕೆಲಸವಾ?
ವಿದ್ಯಾರ್ಥಿ, ಕೋಲಾರ

ಉತ್ತರ: ಇದು ಚಪ್ಪಟೆ ಹುಳುವಿನ ಕೆಲಸದಂತಿದೆ. ಬಸವನಹುಳುವಿನ ಬಳಗಕ್ಕೂ ಇದಕ್ಕೂ ಸಂಬಂಧ ಇಲ್ಲ. 2011ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟರು. ಕಾಗದದಷ್ಟು ತೆಳು, ಕೊಂಬಿಲ್ಲ, ಸೆರಾಟಾ ಇಲ್ಲ. ಹೊಟ್ಟೆಯೊಳಗಿನ ಕೋರಲ್ಲಿನ ಬಣ್ಣವೇ ಆಚೆಗೆ ಕಾಣುವುದರಿಂದ ಮಾಂಸದ ಮೇಲೆ ಅಂಟಿ ಕೂತರೆ ಕಣ್ಣಿಗೆ ಸಿಗುವುದಿಲ್ಲ. ದುಂಡನೆ ಕಲೆಗಳು ಅದು ಬಾಯಿ ಹಾಕಿದ ಗುರುತು.

ಕೋರಲ್ಲನ್ನು ಕಪ್ಪು ಟಬ್ಬಿನಲ್ಲಿಟ್ಟು ಡ್ರಾಪರಿನಿಂದ ಜೋರಾಗಿ ನೀರು ಚಿಮ್ಮಿಸು. ತೆಳ್ಳನೆ ಚೂರು ಉದುರಿ, ಸುರುಳಿ ಸುತ್ತಿ ಮತ್ತೆ ಬಿಚ್ಚಿಕೊಂಡರೆ ಅದೇ. ಮೊಟ್ಟೆಗಳು ಕಂದು ಬಣ್ಣದವು. ಬುಡದ ಹತ್ತಿರ ಬರೀ ಎಲುಬಿನ ಮೇಲೆ ಒತ್ತೊತ್ತಾಗಿ ಇಟ್ಟಿರುತ್ತದೆ. ಇವು ಒಡೆಯಲು ನ್ಯೂಡಿಯ ಮೊಟ್ಟೆಗಿಂತ ಹೆಚ್ಚು ದಿನ ಬೇಕು, ನೀರು ತಣ್ಣಗಿದ್ದಷ್ಟೂ ನಿಧಾನ. ಆದ್ದರಿಂದ ಡಿಪ್ ಇನ್ನೂ ಹೆಚ್ಚು ವಾರ ಮುಂದುವರಿಸಬೇಕು. ಪರೀಕ್ಷೆ ಸಮಯ ಆದರೆ ಅಮ್ಮನಿಗೋ ತಂಗಿಗೋ ಕಲಿಸಿಕೊಡು, ಮಧ್ಯೆ ಬಿಡಬೇಡ.

ಪ್ರಶ್ನೆ: ಡಿಪ್ಪು ಗಿಪ್ಪು ಯಾಕೆ ಸಾರ್, ಹುಳು ತಿನ್ನುವ ಮೀನು ಬಿಟ್ಟರೆ ಆಗಲ್ವಾ?
ಓದುಗರು, ಗೌರಿಬಿದನೂರು

ಉತ್ತರ: ಅರ್ಧ ಆಗುತ್ತದೆ. ಆರು ಗೆರೆಯ ರಾಸ್, ಹಳದಿ ಕೋರಿಸ್ ರಾಸ್ ಎಂಬ ಎರಡೂ ಮೀನುಗಳು ಇಂಥ ಹುಳು ಹೆಕ್ಕಿ ತಿನ್ನುತ್ತವೆ. ಆದರೆ ಅವು ಓಡಾಡೋದು ಹಗಲು. ಹುಳು ಹಗಲು ಅಡಿಯಲ್ಲಿರುತ್ತದೆ. ಅಡಿಯಲ್ಲಿ ಅಂಟಿದ ಮೊಟ್ಟೆ ಮೀನಿನ ಬಾಯಿಗೆ ಸಿಗುವುದಿಲ್ಲ. ಹಾವಳಿ ಇಳಿದ ಮೇಲೆ ಕಾವಲಿಗೆ ರಾಸ್ ಒಳ್ಳೆಯದು, ಏರಿದ ಮೇಲೆ ಅದನ್ನೇ ನಂಬಿ ಕೂತರೆ ಕೋರಲ್ ಉಳಿಯುವುದಿಲ್ಲ. ಆರು ಗೆರೆಯದು ಸಣ್ಣ ಮೀನುಗಳಿಗೆ ಕಾಟ ಕೊಡುವ ಪೋಕರಿ, ಅದನ್ನು ಕೊನೆಗೆ ಬಿಡಿ. ಹಳದಿಯದು ಸಾಧು. ಅದಕ್ಕೆ ರಾತ್ರಿ ಹೂತುಕೊಳ್ಳಲು ಮರಳು ಬೇಕು, ಟ್ಯಾಂಕಿಗೆ ಬಲೆಯ ಮುಚ್ಚಳ ಬೇಕು. ಇಲ್ಲದಿದ್ದರೆ ಬೆಳಿಗ್ಗೆ ನೆಲದ ಮೇಲೆ ಸಿಗುತ್ತದೆ.

ಪ್ರಶ್ನೆ: ಒಂದು ಕಡೆ ಕಪ್ಪು ಮೈಗೆ ಹಳದಿ ಬೊಬ್ಬೆಗಳಿರುವ ಚಂದದ ನ್ಯೂಡಿ ಮಾರಾಟಕ್ಕಿದೆ. ಕೋರಲ್ ತಿನ್ನಲ್ಲ ಅಂತ ಗ್ಯಾರಂಟಿ ಕೊಟ್ಟಿದ್ದಾರೆ. ತರಲೇ?
ಓದುಗರು, ತಿಪಟೂರು

ಉತ್ತರ: ಗ್ಯಾರಂಟಿ ನಿಜವೇ. ಅದು ಫಿಲಿಡಿಯಾ ಇರಬೇಕು, ಕೋರಲ್ ಮುಟ್ಟುವುದಿಲ್ಲ. ತಿನ್ನೋದು ಸ್ಪಂಜು, ಅದರಲ್ಲೂ ಅದಕ್ಕೆ ಒಗ್ಗಿದ ಸ್ಪಂಜು ಮಾತ್ರ. ಅದನ್ನು ನೀವು ತಿಪಟೂರಿನಲ್ಲಿ ಎಲ್ಲಿಂದ ತರುತ್ತೀರಿ? ಹಸಿದು ಹಸಿದು ಸಾಯುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಇದು ಕೆಣಕಿದಾಗ ಮೈಯಿಂದ ವಿಷ ಬಿಡುತ್ತದೆ, ಸಣ್ಣ ಟ್ಯಾಂಕಿನಲ್ಲಿ ಅದರಿಂದ ಮೀನುಗಳೂ ಸಾಯಬಹುದು. ಬೇಡ.

ದುಡ್ಡು ಕೊಟ್ಟು ತರಬಹುದಾದ ನ್ಯೂಡಿ ಒಂದಿದೆ, ಬರ್ಗಿಯಾ. ಕಲ್ಲಿನ ಮೇಲೆ ಕಳೆಯ ಹಾಗೆ ಹಬ್ಬುವ, ಹೂವಿನಂಥ ಕಡಲಪ್ರಾಣಿ ಐಪ್ಟೇಸಿಯಾವನ್ನು ಬಿಟ್ಟು ಬೇರೇನೂ ತಿನ್ನದ ಹುಳು. ಕೋರಲ್ ತಿನ್ನುವವುಗಳ ಹಾಗೇ ಇದಕ್ಕೂ ಬೆನ್ನ ತುಂಬ ಸೆರಾಟಾ ಇರುತ್ತದೆ, ನೋಡಿ ಗಾಬರಿಯಾಗಬೇಡಿ. ಐಪ್ಟೇಸಿಯಾ ಖಾಲಿಯಾದ ಮೇಲೆ ಅದು ಕಾಟ ಇರುವ ಇನ್ನೊಬ್ಬರ ಮನೆಗೆ ಹೋಗಬೇಕು.

ಪ್ರಶ್ನೆ: ಮುಂದಿನ ತಿಂಗಳು ಮನೆಯವರೆಲ್ಲ ರಾಮೇಶ್ವರಕ್ಕೆ ಹೋಗುತ್ತಿದ್ದೇವೆ. ಅಂಗಡಿ ಕೋರಲ್ಲಿನಲ್ಲಿ ಹುಳು ಬರುತ್ತದೆ ಅಂದರೆ ಅಲ್ಲಿಂದಲೇ ನಾಲ್ಕು ತುಂಡು ತರಬಹುದಲ್ವಾ?
ಓದುಗರು, ಮಾಲೂರು

ಉತ್ತರ: ದರ್ಶನ ಮಾಡಿ ಬನ್ನಿ, ಕಲ್ಲು ಮುಟ್ಟಬೇಡಿ. ಅದು ಮನ್ನಾರ್ ಕೊಲ್ಲಿಯ ಕಡಲು. ಬಂಡೆ ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಷೆಡ್ಯೂಲಿನಲ್ಲಿವೆ. ಹುಲಿ, ಆನೆ ಇರುವ ಪಟ್ಟಿಯೇ ಅದು. ಜೀವ ಇರುವುದು ಮಾತ್ರ ಅಂದುಕೊಳ್ಳಬೇಡಿ, ದಡದಲ್ಲಿ ಬಿದ್ದ ಒಣ ತುಂಡು ಬ್ಯಾಗಿನಲ್ಲಿ ಸಿಕ್ಕರೂ ಕೇಸು. ಅಂಗಡಿಯಲ್ಲಿ ಕೊಳ್ಳುವಾಗಲೂ ಎಲ್ಲಿಂದ ಬಂದದ್ದು, ಕಾಗದ ಇದೆಯಾ ಎಂದು ಕೇಳಿ. ಬಾಯಿಬಿಡದವರ ಹತ್ತಿರ ತಗೋಬೇಡಿ.

ಇನ್ನು ಹುಳು. ಅಂಗಡಿಯ ಹುಳು ಕೂಡ ಮೂಲದಲ್ಲಿ ಕಡಲಿನದೇ ಅಲ್ವಾ? ಟ್ಯಾಂಕಿಗೆ ಕಲ್ಲು ಬೇಕಿದ್ದರೆ ಅಕ್ವೇರಿಯಂಗೆಂದೇ ಸುಟ್ಟು ಮಾಡಿದ ಸೆರಾಮಿಕ್ ಕಲ್ಲು ತನ್ನಿ. ಅದರಲ್ಲಿ ಯಾವ ಮೊಟ್ಟೆಯೂ ಇರುವುದಿಲ್ಲ.